ಇಂದಿನ ಲೆಕ್ಕ

ಧೌಲಿ ಸತ್ತದ್ದು ನಸುಕಿಗೆ.
ಯಾರೂ ಕೊಲ್ಲಲಿಲ್ಲ; ಇಲ್ಲಿ ಕೊಲ್ಲುವ ಹಾಗಿಲ್ಲ.
ಹಲ್ಲು ಸವೆದ ಹಸು, ಹಾಲು ಬತ್ತಿ ಎಂಟು ವರ್ಷ,
ಇನ್ನೂರು ರೂಪಾಯಿ ಕೊಟ್ಟು ತಂದೆವು,
ಹುಲ್ಲು ಹಾಕಿ, ಮೈ ತಿಕ್ಕಿ, ಕಾದೆವು.
ಕಾಯುವುದೇ ಇಲ್ಲಿಯ ಕೆಲಸ: ಹಸು ಸಾಯಲೆಂದು ನಾವು,
ನಾವು ಸರಿಯಲೆಂದು ರಣಹದ್ದು.

ಸುಗಿಯಾ ಹಿಂದಿನಿಂದ ತಳ್ಳಿದಳು, ನಾನು ಗಾಡಿ ಎಳೆದೆ
ನಾರಾಯಣಿಯ ಈಚೆ ದಂಡೆಯ ಬಯಲಿಗೆ.
ಸುಲಿದವನು ಝಗರು. ಚರ್ಮ ಅವನದು,
ಮೂಳೆ ಸಮಿತಿಯದು,
ಮಿಕ್ಕಿದ್ದು ಆಕಾಶದ್ದು.

ಬೂರುಗದ ಮೇಲೆ ಮೊದಲು ಒಂದು.
ಆಮೇಲೆ ಮೋಡದ ಚೀಲ ತೂತು ಬಿದ್ದ ಹಾಗೆ
ಒಂದರ ಹಿಂದೊಂದು ಸುರಿದವು.
ಕಣ್ಣು ಮೊದಲು. ನಾಲಗೆ. ಬಾಲದ ಬುಡ.
ಬರಿಗೊರಳು ಒಳಗೆ ಹೋಗಿ ಹೊರಗೆ ಬರುತ್ತದೆ
ಹಂಡೆ ಬೆಳಗುವವರ ತೋಳಿನಂತೆ.
ಬುಸುಗುಟ್ಟು, ರೆಕ್ಕೆಗೆ ರೆಕ್ಕೆ, ಕರುಳಿಗಾಗಿ ಎಳೆದಾಟ,
ಮದುವೆಮನೆಯ ಮೊದಲ ಪಂಕ್ತಿ.
ಕೆಂಪು ತಲೆಯದೊಂದು ಮಾತ್ರ ದೂರ ನಿಂತಿತ್ತು
ಕರೆಯದೆ ಬಂದವನ ಹಾಗೆ.

ಅರ್ಧ ಗಂಟೆ. ಉಳಿದದ್ದು ಪಕ್ಕೆಲುಬಿನ ಬುಟ್ಟಿ.
ತಿಂದದ್ದು ಹೆಚ್ಚಾಗಿ ಹಾರಲಾರದೆ
ಮರಳಿನಲ್ಲಿ ನಾಲ್ಕು ಹೆಜ್ಜೆ ಓಡಿ, ಕೂತು, ಮತ್ತೆ ಓಡುತ್ತವೆ.
ಸುಗಿಯಾ ನಗುತ್ತಾಳೆ.
ನನಗೆ ನಗು ಬರುವುದಿಲ್ಲ.

ಆಗ ಊರೂರು ಸುತ್ತಿದ ದನದ ಡಾಕ್ಟರು ನಾನೇ.
ಡಾಕ್ಟರಲ್ಲ, ಸೈಕಲ್ಲು, ಗಾಜಿನ ಸೀಸೆ, ಒಂದು ಸೂಜಿ.
ಕುಂಟುವ ಎತ್ತಿಗೆ, ಬಾತ ಕೆಚ್ಚಲಿಗೆ ಒಂದು ಚುಚ್ಚು;
ಸಂಜೆಗೆ ಎದ್ದು ನಿಲ್ಲುತ್ತಿದ್ದವು. ಜನ ಕೈ ಮುಗಿಯುತ್ತಿದ್ದರು.
ಏಳದವನ್ನು ಹೊಳೆದಂಡೆಗೆ ಎಳೆದು ಹಾಕುತ್ತಿದ್ದರು.
ಹದ್ದು ತಿಂದವು. ತಿಂದು
ಕತ್ತು ಜೋಲಿಸಿ ಕೊಂಬೆಯ ಮೇಲೆ ಕೂತವು
ಒಂದು ದಿನ, ಎರಡು ದಿನ;
ಮಾಗಿದ ಹಲಸಿನ ಹಾಗೆ ಧೊಪ್ಪೆಂದು ಬಿದ್ದವು.
ಒಂದೇ ಮರದ ಬುಡದಲ್ಲಿ ಹನ್ನೊಂದು ಎಣಿಸಿದೆ.
ಯಾರೂ ನನ್ನನ್ನು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.
ಆಮೇಲೆ ಸತ್ತ ದನ ಸತ್ತಲ್ಲೇ ಊದಿ ಒಡೆದವು,
ಬೀದಿ ನಾಯಿ ಹೆಚ್ಚಿದವು,
ಫಗುನಿಯ ಮಗನಿಗೆ ಕಚ್ಚಿದ್ದು ಆಗಲೇ.

ಹದ್ದಿಗೆ ಹಾನಿಯಿಲ್ಲದ ಬೇರೆ ಔಷಧಿ ಇದೆ ಈಗ.
ಕಳೆದ ವಾರ ಧೌಲಿಯ ಮಂಡಿ ಬಾತು ನರಳಿದಾಗ
ಹುಡುಗರು ಸೀಸೆ ತಂದು ಮುಂದೆ ಇಟ್ಟರು.
ಲೇಬಲ್ಲು ಮೂರು ಸಲ ಓದಿದೆ. ಕೈ ಏಳಲಿಲ್ಲ.
ಸಾಸಿವೆ ಎಣ್ಣೆ ಕಾಸಿ ರಾತ್ರಿಯೆಲ್ಲ ತಿಕ್ಕಿದೆ.
ನರಳಿದಳು, ಬೆಳಗಿನವರೆಗೂ ನರಳಿದಳು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇಂದಿನ ಲೆಕ್ಕ:
ಹಸು ಒಂದು. ಹದ್ದು ಅರವತ್ತೆರಡು.
ಕೆಂಪು ತಲೆಯದು ಒಂದು,
ಅದಕ್ಕೆ ಏನಾದರೂ ಸಿಕ್ಕಿತೋ ಇಲ್ಲವೋ ಕಾಣಲಿಲ್ಲ,
ಅಷ್ಟರಲ್ಲಿ ಹೊಳೆಯಿಂದ ಮಂಜು ಎದ್ದಿತು.
ನಾಳೆ ಮೂಳೆ ತೂಗಬೇಕು.