ಮೈಬಣ್ಣ

ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ
'ಮೈಬಣ್ಣ ಕೊಡಿ' ಅಂದರೆ
ಇಂದಿಗೂ ಕೊಡುವುದು ಅದೇ ಟ್ಯೂಬು,
ಸೀಬೆಹಣ್ಣಿನ ತಿರುಳಿನ ಗುಲಾಬಿ.
ಯಾರ ಮೈ, ಅಂತ ಕೇಳಿದ್ದಕ್ಕೆ
ಅಂಗಡಿಯವನು ಚಿಲ್ಲರೆ ಎಣಿಸಿದ.

ಅಪ್ಪ ಮಂಡ್ಯದಲ್ಲಿ ಟಾಕೀಸಿನ ಬ್ಯಾನರ್ ಬರೆಯುತ್ತಿದ್ದ.
ಕಿವಿಗೊಂದು ಬೀಡಿ ಸಿಕ್ಕಿಸಿ, ಏಣಿಯ ಮೇಲೆ ನಿಂತು
ಹದಿನಾರಡಿ ಹೀರೋನ ಕೆನ್ನೆಗೆ ಆ ಗುಲಾಬಿ ಮೆತ್ತಿ ಮೆತ್ತಿ
ಇಳಿದು ಸೀಮೆಎಣ್ಣೆಯಲ್ಲಿ ಕೈ ತೊಳೆದರೆ
ಅಡಿಯಲ್ಲಿ ಅವನದೇ ಕಪ್ಪು.
ಒಮ್ಮೆಯೂ ತನ್ನ ಮುಖ ಬರೆದುಕೊಳ್ಳಲಿಲ್ಲ.
'ನಮ್ಮೋರ ಮಕ ಯಾರ್ ನೋಡಾರವ್ವ, ದುಡ್ಡು ಕೊಟ್ಟು?'

ಈಗ ನನ್ನೆದುರು ಸ್ಟೂಲಿನ ಮೇಲೆ ನೀಮಾ.
ದಾರ್ ಎಸ್ ಸಲಾಮ್‌ನಿಂದ ಮಾನಸಗಂಗೋತ್ರಿಗೆ ಬಂದು
ಎರಡು ವರ್ಷ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯಲ್ಲಿ ನಡೆದರೆ
ವಾಕಿಂಗಿನವರು ಮೊಬೈಲು ಎತ್ತುತ್ತಾರಂತೆ,
ಕೇಳದೆ,
ಹೆಜ್ಜಾರ್ಲೆಗೆ ಎತ್ತಿದ ಹಾಗೆ.

ಸರಸ್ವತಿಪುರಂನಲ್ಲಿ ಅವಳಿಗೆ 'ಮನೆ ಕೊಟ್ಟಾಯ್ತು' ಅಂದರು.
ಬೋರ್ಡು ಇನ್ನೂ ತೂಗುತ್ತಿತ್ತು, ಮರುದಿನ ನಾನು ಹೋದೆ.
'ಯಾವ ಜನ ನೀವು?'
ಹೇಳಿದೆ.
ಮನೆ ಮತ್ತೊಮ್ಮೆ ಕೊಟ್ಟಾಯ್ತು.
ಗೇಟಿನಾಚೆ ಕಾದಿದ್ದ ಅವಳೂ ನಾನೂ ನಕ್ಕದ್ದು
ಆ ರಸ್ತೆಗೆಲ್ಲ ಕೇಳಿಸಿರಬೇಕು.

ಕಪ್ಪನ್ನು ಟ್ಯೂಬಿನಿಂದ ಹಿಂಡಬಾರದು, ಸತ್ತಿರುತ್ತದೆ ಅದು.
ಹಣೆಗೆ ನೀಲಿ ಬೇಕು, ಕಿಟಕಿಯ ಬೆಳಕು ಬಂದು ಕೂರುವಷ್ಟು.
ಕೊರಳಿಗೆ ಆಲೆಮನೆ ಕೊಪ್ಪರಿಗೆಯ
ಕಡೇ ಪಾಕದ ಕೆಂಪು. ಕಿವಿಯ ಹಿಂದೆ ನೇರಳೆ,
ಹಸಿರೂ ಸ್ವಲ್ಪ, ನಂಬಿದರೆ ನಂಬಿ.
ನಾಲ್ಕು ದಿನ ಹಿಡಿಯಿತು ಒಂದು ಕೆನ್ನೆಗೆ.

ಆಮೇಲೆ ಕಣ್ಣಿಗೆ ದುಃಖ ತುಂಬತೊಡಗಿದೆ.
ಹಡಗು, ಸರಪಳಿ, ಹತ್ತಿಹೊಲ,
ನಾನು ಓದಿದ್ದೆಲ್ಲ ಕುಂಚಕ್ಕೆ ಇಳಿಯುತ್ತಿತ್ತು.
ನೀಮಾ ಎದ್ದು ಬಂದು ನೋಡಿದಳು.
'ಯಾರಿವಳು?
ನನಗೆ ನಿನ್ನೆ ಸ್ಟಾಟಿಸ್ಟಿಕ್ಸ್‌ನಲ್ಲಿ ಎಂಬತ್ತೆಂಟು ಬಂತು.
ಅದನ್ನ ಬರಿ.'

ಒರೆಸಿದೆ.
ಮತ್ತೆ ಬರೆದೆ: ಎತ್ತಿದ ಗದ್ದ, ಅರೆಮುಚ್ಚಿದ ಕಣ್ಣು,
ಪರೀಕ್ಷೆ ಮುಗಿಸಿದವಳ ಸೋಮಾರಿತನ.
ಇದನ್ನು ನೋಡಿ ಮೇಷ್ಟ್ರು ಕೇಳಿದರು,
'ಹೋರಾಟ ಎಲ್ಲಮ್ಮ ಇದರಲ್ಲಿ?'
ಕೂತಿದೆಯಲ್ಲ ಸರ್, ಅಂದೆ.

ತಟ್ಟೆಯಲ್ಲಿ ಬಣ್ಣ ಮಿಕ್ಕಿದೆ, ಇನ್ನೂ ಹಸಿ.
ಅಪ್ಪನ ಫೋಟೊ ಉಳಿದಿರುವುದು ಒಂದೇ,
ರೇಷನ್ ಕಾರ್ಡಿನದು, ಜೆರಾಕ್ಸಿನ ಜೆರಾಕ್ಸು,
ಮುಖವೆಲ್ಲ ಮಸಿ.
ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಕೂತಿದ್ದೇನೆ,
ಈ ಮಸಿಯೊಳಗೆ
ನೀಲಿ ಎಲ್ಲಿತ್ತು ಅಂತ.