ಟಕ್

ನರಿನ್ ಊರಿನ ಚಳಿಗೆ ಬೆಸುಗೆಯ ಹೊಗೆಯೂ ನಡುಗುತ್ತದೆ.
ಮೊದಲ ಚಿಪ್ ಸುಟ್ಟದ್ದು ಬುರುಲ್ಕಾನಳ ಅವಸರ:
ಇಪ್ಪತ್ತು ಮಿಲಿಆಂಪಿನ ಕಾಲಿಗೆ
ಎಪ್ಪತ್ತು ಬೇಡುವ ಸುರುಳಿ ಕಟ್ಟಿದ್ದಳು.
ಅದೀಗ ಕಿಟಕಿಯ ಅಂಚಿನಲ್ಲಿ,
ಕಾಲು ಮೇಲೆತ್ತಿ ಸತ್ತ ಜೀರುಂಡೆ.

ಈ ಸಲ ನಡುವೆ ಟ್ರಾನ್ಸಿಸ್ಟರ್.
ಅರೆ ಬಟಾಣಿ, ಮೂರು ಕಾಲು.
ಪಿನ್ನು ಪಿಸುಗುಟ್ಟಿದರೆ ಸಾಕು,
ಹೊರೆ ಹೊರುವುದು ಇದು.
ಆ ಪಿಸುಮಾತಿಗೂ ಒಂದು ರೆಸಿಸ್ಟರಿನ ಲಗಾಮು.
ಡಯೋಡ್ ಮರೆಯಲಿಲ್ಲ;
ಬಿಟ್ಟ ಗಳಿಗೆಯಲ್ಲೇ ಸುರುಳಿ ಒದೆಯುತ್ತದೆ,
ಹಾಲು ಕರೆದು ಬಿಟ್ಟ
ಹೆಣ್ಣುಕುದುರೆಯ ಹಾಗೆ.

ಟಕ್.
ಪೆಟ್ಟಿಗೆಯೊಳಗೆ ದೀಪ ಹತ್ತಿತು,
ನಲವತ್ತೊಂದು ಮೊಟ್ಟೆಗಳ ಮೇಲೆ.

ಅಜ್ಜಿ ಮುಚ್ಚಳಕ್ಕೆ ಕಿವಿಯಿಟ್ಟಳು:
“ಇಷ್ಟು ಬೇಗ ಕೊಕ್ಕು ಬಡಿಯಿತೇ?”

ಬುರುಲ್ಕಾನ್
ಇಲ್ಲವೆನ್ನಲಿಲ್ಲ.