ಮಣ್ಣು ಸಡಿಲ

ಬಾಳೆಲೆ ದಾಟಿ ನಾಲ್ಕನೆಯ ದಿನ.
ನಕ್ಷೆಯಲ್ಲಿ ಮೂರು ದಾರಿ: ಕೆಂಪು, ನೀಲಿ, ಹಸಿರು.
ಕೆಂಪಿಗೆ ದೇವರಕಾಡು ಅಡ್ಡ. ನೀಲಿಗೆ
ಯಾರದೋ ಮನೆತನದ ಕೈಮಡ; ಫೋನು ಬಂತು, ಅಳಿಸಿದೆವು.
ಉಳಿದದ್ದು ಹಸಿರು.
ಅದಕ್ಕೆ ಯಾರ ಫೋನೂ ಇಲ್ಲ.

ಕಂಬ ಹಿಡಿದವನು ಬೊಳಕ,
ಲೈನ್‌ಮನೆಯಲ್ಲೇ ಹುಟ್ಟಿದವನು, ದಿನಗೂಲಿ.
ಮಸೂರದೊಳಗೆ ನನಗೆ ಕಾಣುವುದು
ಗುಂಡಿ ಕಿತ್ತ ಅಂಗಿ, ಮೇಲೊಂದು ಹೊಳೆವ ಕನ್ನಡಿ.

"ಎಡಕ್ಕೆ ಬಾ" ಅಂದೆ. ಬರಲಿಲ್ಲ.
"ಇನ್ನೂ ಎಡಕ್ಕೆ!" ಬಲಕ್ಕೆ ಸರಿದ,
ಹಾಲುವಾಣದ ಬುಡ ಬಿಟ್ಟು ಹತ್ತು ಹೆಜ್ಜೆ.
ಸಿಟ್ಟಿನಿಂದ ನಡೆದು ಹೋಗಿ ನೋಡಿದರೆ
ಬುಡದಲ್ಲಿ ಹೂತ ಕಲ್ಲು, ಮೊಣಕಾಲೆತ್ತರವೂ ಇಲ್ಲ,
ಮೇಲೆ ಎಲೆಯಡಿಕೆ, ಒಂದು ಬೀಡಿ.
"ಅವ್ವ ಸೇದುತ್ತಿದ್ದಳು" ಅಂದ. ಬೇರೇನಿಲ್ಲ.

ಮಂಜು ಏರುತ್ತಿತ್ತು. ಜೀಪಿನವ ಹಾರ್ನು ಹೊಡೆದ.
ಗುಳ್ಳೆ ನಟ್ಟನಡುವೆ ನಿಂತಿತ್ತು.
ತಪ್ಪು ಜಾಗದಲ್ಲಿ ಕಂಬವನ್ನು ಇಷ್ಟು ನೆಟ್ಟಗೆ
ಯಾರೂ ಹಿಡಿದದ್ದು ನಾನು ಕಂಡಿಲ್ಲ.
ಹಿಂದಿರುಗಿ ಓದಿದೆ. ಬರೆದುಕೊಂಡೆ.
ಷರಾ ಕಾಲಂನಲ್ಲಿ: ಮಣ್ಣು ಸಡಿಲ.

ಮುಂದೆ ಲಾರಿಯವರು ಬೈಯುತ್ತಾರೆ,
ಸಪಾಟು ನೆಲದಲ್ಲಿ ಯಾಕಪ್ಪ ಈ ತಿರುವು ಎಂದು.
ಬೈಯಲಿ.
ಗೇರು ಇಳಿಸಲಿ.